ಶಾಸನ, ಪುರಾತತ್ವ, ಊರಿನ ಇತಿಹಾಸ: ಹವ್ಯಾಸಕ್ಕೆ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಎಂ.ಎ. ಮಾಡುವವರಿಗಲ್ಲ. ಬೇರೆ ಕೆಲಸ ಮಾಡಿಕೊಂಡು, ಭಾನುವಾರ ಬಂತು ಅಂದರೆ ಕೆರೆ ಏರಿ ಮೇಲಿನ ಕಲ್ಲು ನೋಡೋಕೆ ಹೊರಡುವವರಿಗೆ. ತರಗತಿಗೆ ಸೇರುವ ಮುಂಚೆ ಜನ ಕೇಳುವ ಪ್ರಶ್ನೆಗಳು ಮೊದಲು, ಸೇರಿದ ಮೇಲೆ ಕೇಳುವಂಥವು ಆಮೇಲೆ.

ನಾನು ಇತಿಹಾಸ ಓದಿದವನಲ್ಲ, ಬ್ಯಾಂಕಿನಲ್ಲಿ ಕೆಲಸ. ನನಗೆ ಇದು ಹತ್ತುತ್ತಾ?

ಹತ್ತುತ್ತೆ. ನಮ್ಮಲ್ಲಿ ಈ ಕೆಲಸ ಶುರು ಮಾಡಿದವರಲ್ಲಿ ಎಷ್ಟೋ ಜನ ಬೇರೆ ನೌಕರಿಯಲ್ಲಿದ್ದವರೇ. ಸುರಪುರ ಸೀಮೆಯ ಕಲ್ಗೋರಿಗಳನ್ನು (ದೊಡ್ಡ ದೊಡ್ಡ ಕಲ್ಲು ಬಳಸಿ ಕಟ್ಟಿದ ಹಳೆ ಕಾಲದ ಸಮಾಧಿಗಳು) 19ನೇ ಶತಮಾನದ ನಡುವಿನಲ್ಲೇ ಅಗೆದು ವಿವರ ಬರೆದಿಟ್ಟ ಮೆಡೋಸ್ ಟೇಲರ್ ಅಲ್ಲಿ ಆಡಳಿತ ನೋಡಿಕೊಳ್ಳಲು ಬಂದಿದ್ದ ಅಧಿಕಾರಿ. ಬಳ್ಳಾರಿ, ರಾಯಚೂರು ಕಡೆಯ ಹಳೆ ಶಿಲಾಯುಗದ, ನವಶಿಲಾಯುಗದ ನೆಲೆಗಳನ್ನು ಹುಡುಕಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಕಲ್ಲು, ಮಣ್ಣು ನೋಡೋದು ಅವನ ಸಂಬಳದ ಕೆಲಸ, ಕಲ್ಲಿನ ಕೊಡಲಿ ಆರಿಸೋದು ಹುಚ್ಚು.

ಇನ್ನು ಮಸ್ಕಿ. ಅಲ್ಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಅನ್ನುವ ಗಣಿ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಬಂಡೆ, ಕಂಬಗಳಲ್ಲೆಲ್ಲ ‘ದೇವಾನಾಂಪಿಯ’, ‘ಪಿಯದಸಿ’ ಅನ್ನುವ ಬಿರುದುಗಳೇ ಇದ್ದವು. ಆ ದೊರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಬಂಡೆ ಮಸ್ಕಿಯದು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು.

ಆದರೆ ಒಂದು ಮಾತು. ಬೀಡನ್ ಕಂಡ, ತಿಳಿದವರಿಗೆ ತೋರಿಸಿದ. ಓದಿದವರು ಬೇರೆ. ಹವ್ಯಾಸಿಯ ಪಾಲಿಗೆ ತಿಳಿದವರಿಗೆ ತೋರಿಸುವ ಆ ಎರಡನೇ ಹೆಜ್ಜೆಯೇ ಮುಖ್ಯ.

ಪುರಾತತ್ವ, ಶಾಸನ, ಸ್ಥಳೀಯ ಇತಿಹಾಸ. ಮೂರರಲ್ಲಿ ಯಾವುದರಿಂದ ಶುರು ಮಾಡಲಿ?

ನನ್ನನ್ನು ಕೇಳಿದರೆ ಶಾಸನದಿಂದ. ಉತ್ಖನನ ಮಾಡಲು ಸರ್ಕಾರದ ಅನುಮತಿ ಬೇಕು, ತಂಡ ಬೇಕು, ದುಡ್ಡು ಬೇಕು. ಶಾಸನ ಓದೋಕೆ ಬೇಕಾದ್ದು ತಾಳ್ಮೆ, ಒಳ್ಳೆ ಬೆಳಕು. ಅದೂ ಅಲ್ಲದೆ ಕನ್ನಡ ನಾಡಿನಲ್ಲಿ ಕಲ್ಲಿಗೆ ಬರವಿಲ್ಲ. ಹಳೆ ಮೈಸೂರು ಮತ್ತು ಕೊಡಗಿನ ಸೀಮೆಯಲ್ಲೇ ಮೈಸೂರಿನ ಪುರಾತತ್ವ ಇಲಾಖೆಯ ಅಧಿಕಾರಿಯಾಗಿದ್ದ ಬಿ.ಎಲ್. ರೈಸ್ 9 ಸಾವಿರದ ಹತ್ತಿರ ಶಾಸನ ಸಂಗ್ರಹಿಸಿದ. ನಿಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಒಂದಾದರೂ ಇರುತ್ತೆ.

ಬಿಜಾಪುರ, ಬೀದರ್, ಕಲಬುರಗಿ ಕಡೆಯವರಾದರೆ ಪಾರ್ಸಿ ಶಾಸನಗಳೂ ಎದುರಾಗುತ್ತವೆ. ಕರಾವಳಿಯವರಿಗೆ ತಿಗಳಾರಿ ಲಿಪಿಯ ತಾಳೆಗರಿ, ಬೆಳಗಾವಿ, ಧಾರವಾಡದವರಿಗೆ ಮೋಡಿ ಲಿಪಿಯ ಕಾಗದಪತ್ರ. ಮನೆಯ ಅಟ್ಟದ ಮೇಲೆ ಮೋಡಿ ಕಾಗದದ ಗಂಟು ಇದೆ ಅನ್ನುವವರು ಮೊದಲು ಮೋಡಿ ಕಲಿಯಲಿ. ಅದನ್ನು ಓದುವವರು ಕಡಿಮೆ.

ಎಲ್ಲಿ ಕಲಿಸುತ್ತಾರೆ?

ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ತರಗತಿ ನಡೆಸಿಕೊಂಡು ಬಂದಿದೆ. ಹವ್ಯಾಸಿಗಳಿಗೆ ಇದು ಹಳೆಯ, ಪರಿಚಿತ ದಾರಿ. ಹಸ್ತಪ್ರತಿ ಓದುವ ಆಸೆ ಇದ್ದರೆ ನರಸಿಂಹರಾಜ ಕಾಲೊನಿಯ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನದಲ್ಲಿ ವಿಚಾರಿಸಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇದೆ. ಬೆಂಗಳೂರು ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವ ಕೆಲಸ ಅಲ್ಲಿ ನಡೆದಿದೆ. ಅಲ್ಲಿನ ಉಪನ್ಯಾಸಕ್ಕೆ ಸುಮ್ನೆ ಒಮ್ಮೆ ಹೋಗಿ ಕೂತರೂ ಈ ಹುಚ್ಚಿನ ನಾಲ್ಕು ಜನ ಪರಿಚಯ ಆಗುತ್ತಾರೆ.

ಪದವಿಯೇ ಬೇಕು ಅನ್ನುವವರಿಗೆ ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವೆ. ಪುರಾತತ್ವವನ್ನೇ ಗಟ್ಟಿಯಾಗಿ ಓದಬೇಕಾದರೆ ಪುಣೆಯ ಡೆಕ್ಕನ್ ಕಾಲೇಜು. ಕೆಲಸ ಬಿಟ್ಟು ಹೋಗುವ ಧೈರ್ಯ ಇದ್ದರೆ ಮಾತ್ರ.

ಒಂದು ವರ್ಷ ಇದ್ದ ತರಗತಿ ಇನ್ನೊಂದು ವರ್ಷ ಇರಲಿಕ್ಕಿಲ್ಲ. ಸಮಯ, ಶುಲ್ಕ ಕೂಡ ಬದಲಾಗುತ್ತವೆ. ಫೋನ್ ಮಾಡಿ ಕೇಳಿ, ನಂಬಬೇಡಿ ಅಂತಲ್ಲ, ಹೋಗಿ ಬಾಗಿಲು ಹಾಕಿದ್ದು ನೋಡಿ ಬರುವುದು ಬೇಡ ಅಂತ.

ನಾನು ಹೊರದೇಶದಲ್ಲಿದ್ದೇನೆ. ಮನೆಯಲ್ಲೇ ಕೂತು ಕಲಿಯಬಹುದಾ?

ಲಿಪಿ ಕಲಿಯಬಹುದು. ಹಳೆಯ ಶಾಸನ ಸಂಪುಟಗಳು ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಕೇಂದ್ರ ಸರ್ಕಾರದ ‘ಸ್ವಯಂ’ ಅನ್ನುವ ಆನ್‌ಲೈನ್ ಪಾಠಗಳ ವೇದಿಕೆಯಲ್ಲಿ ಭಾರತದ ಪುರಾತತ್ವದ ಬಗ್ಗೆ ಪಾಠಗಳು ಬರುತ್ತಿರುತ್ತವೆ. ಆದರೆ ಕಲ್ಲಿನ ಮುಂದೆ ನಿಂತು ಓದುವುದೇ ಬೇರೆ. ಪುಸ್ತಕದಲ್ಲಿ ಅಕ್ಷರ ಅಕ್ಷರವೇ. ಕಲ್ಲಿನಲ್ಲಿ ಅರ್ಧ ಅಕ್ಷರ, ಅರ್ಧ ಬಿರುಕು. ರಜೆಗೆ ಊರಿಗೆ ಬಂದಾಗ ಎರಡು ದಿನ ಇದಕ್ಕೆ ಅಂತ ಇಟ್ಟುಕೊಳ್ಳಿ.

ಸರ್ಟಿಫಿಕೇಟ್ ಸಿಕ್ಕರೆ ಕೆಲಸ ಸಿಗುತ್ತಾ?

ಇಲ್ಲ. ಸರ್ಕಾರಿ ಹುದ್ದೆಗೆ ಎಂ.ಎ. ಬೇಕು, ಪರೀಕ್ಷೆ ಬೇಕು.

ಸಂಸ್ಕೃತ, ಹಳೆಗನ್ನಡ ಎರಡೂ ಬರಲ್ಲ. ಮೊದಲು ಅವನ್ನು ಕಲಿಯಬೇಕಾ?

ಕಾಯಬೇಡಿ, ಜೊತೆಜೊತೆಗೇ ಆಗುತ್ತೆ. ಶಾಸನದ ಭಾಷೆ ಕಾವ್ಯದಷ್ಟು ಕಷ್ಟದ್ದಲ್ಲ. ದೊರೆಯ ಹೊಗಳಿಕೆ ಬರುವ ಕಡೆ ಬಿಗಿ ಇರುತ್ತೆ, ಅಲ್ಲಿ ಸಂಸ್ಕೃತ ಜಾಸ್ತಿ. ದಾನದ ಮಾತು ಬಂದ ಕೂಡಲೇ ಭಾಷೆ ಊರಿಗಿಳಿಯುತ್ತೆ. ಯಾವ ಕೆರೆ, ಯಾವ ಗದ್ದೆ, ಮೂಡಲ ಗಡಿ ಯಾವ ಹುತ್ತ, ಪಡುವಲ ಗಡಿ ಯಾವ ಆಲದ ಮರ. ‘ಪ’ ಇದ್ದ ಕಡೆ ‘ಹ’ ಹಾಕಿ ಓದಿದರೆ ಅರ್ಧ ಪದ ಗುರುತು ಸಿಕ್ಕಿಬಿಡುತ್ತೆ. ಪಳ್ಳಿ ಹಳ್ಳಿಯಾಗುತ್ತೆ, ಪೊಲ ಹೊಲವಾಗುತ್ತೆ. ಈಗ ಬಿಟ್ಟುಹೋಗಿರುವ ಱ, ೞ ಅನ್ನುವ ಎರಡು ಅಕ್ಷರ ಕಲಿಯಬೇಕು. ಜೊತೆಗೆ ಅಳತೆ, ನಾಣ್ಯದ ಹೆಸರುಗಳು: ಮತ್ತರು, ಕಂಬ, ಖಂಡುಗ, ಕೊಳಗ, ಗದ್ಯಾಣ, ಪಣ, ಹಾಗ.

ಒಂದು ಶಾಸನದಲ್ಲಿ ಏನೇನು ಇರುತ್ತೆ?

ದಾನಶಾಸನಗಳಿಗೆ ಒಂದು ಅಚ್ಚು ಇದೆ. ಅದು ಗೊತ್ತಿದ್ದರೆ ಸವೆದ ಕಲ್ಲಿನಲ್ಲೂ ಯಾವ ಸಾಲಿನಲ್ಲಿ ಏನು ಹುಡುಕಬೇಕು ಅಂತ ತಿಳಿಯುತ್ತೆ. ಮೇಲೆ ಸೂರ್ಯ, ಚಂದ್ರ. ಇವೆರಡು ಇರುವಷ್ಟು ಕಾಲ ದಾನ ನಡೆಯಲಿ ಅಂತ. ಎಷ್ಟೋ ಕಡೆ ನಡುವೆ ಲಿಂಗ, ಪಕ್ಕದಲ್ಲಿ ಹಸು ಕರು. ಬರಹ ‘ಸ್ವಸ್ತಿ’ ಅಥವಾ ‘ಶ್ರೀ’ ಅಂತ ಶುರು. ಆಮೇಲೆ ದೊರೆ, ಅವನ ಬಿರುದುಗಳು, ಅವನ ಕೈಕೆಳಗಿನ ಅಧಿಕಾರಿ, ಕಾಲ, ಕೊಟ್ಟವರು, ಇಸಿದುಕೊಂಡವರು, ಏನು ಕೊಟ್ಟರು, ಗಡಿ ಯಾವುದು, ಸಾಕ್ಷಿ ಯಾರು.

ಕೊನೆಗೆ ಶಾಪ. ತಾನು ಕೊಟ್ಟದ್ದಾಗಲಿ ಇನ್ನೊಬ್ಬರು ಕೊಟ್ಟದ್ದಾಗಲಿ, ಆ ಭೂಮಿ ಕಸಿದವನು 60 ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುವ ‘ಸ್ವದತ್ತಾಂ ಪರದತ್ತಾಂ ವಾ’ ಶ್ಲೋಕ ನೂರಾರು ಕಲ್ಲಿನಲ್ಲಿದೆ. ವಾರಣಾಸಿಯಲ್ಲಿ ಸಾವಿರ ಕವಿಲೆ (ಕಪಿಲೆ ಹಸು) ಕೊಂದ ಪಾಪವೂ ಹಾಗೇ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಶ್ಲೋಕ ಬಾಯಿಗೆ ಬರುತ್ತೆ ಅಂದರೆ ಆ ಕಾಲದ ಅಕ್ಷರಗಳು ಕೈಗೆ ಸಿಕ್ಕ ಹಾಗೆ. ಅಲ್ಲಿ ‘ಷ’ ಹೇಗಿದೆ, ‘ಹ’ ಹೇಗಿದೆ ನೋಡಿ ಬರೆದುಕೊಂಡು ಮೇಲಿನ ಸಾಲುಗಳಿಗೆ ಹೋಗಿ. ಹೊಸಬರಿಗೆ ನಾನು ಹೇಳೋದು ಇದನ್ನೇ: ಶಾಸನವನ್ನು ಕೊನೆಯಿಂದ ಓದಿ.

ಕಾಲ ಲೆಕ್ಕ ಹಾಕೋದು ಹೇಗೆ?

ಶಕವರ್ಷಕ್ಕೆ 78 ಕೂಡಿಸಿ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯ ಶಾಸನದಲ್ಲಿ ಶಕ 1039, ಹೇಮಳಂಬಿ ಸಂವತ್ಸರ ಅಂತಿದೆ. 1039ಕ್ಕೆ 78 ಸೇರಿಸಿದರೆ 1117. ಸರಿ ಇದೆಯಾ ಅಂತ ತಾಳೆ ನೋಡಲು ಸಂವತ್ಸರ ಇದೆ. 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ. 2017ರ ಯುಗಾದಿಗೆ ಬಂದದ್ದು ಹೇವಿಳಂಬಿ, ಅಂದರೆ ಅದೇ ಸಂವತ್ಸರ. 1117ರಿಂದ 2017ಕ್ಕೆ 900 ವರ್ಷ, 60ರ 15 ಸುತ್ತು. ತಾಳೆ ಆಯಿತು.

ಎಲ್ಲ ಕಲ್ಲಿನಲ್ಲೂ ಇಷ್ಟು ಸಲೀಸಾಗಿ ಆಗಲ್ಲ. ಕೆಲವರು ಮುಗಿದ ವರ್ಷ ಎಣಿಸಿದ್ದಾರೆ, ಕೆಲವರು ನಡೆಯುತ್ತಿರುವ ವರ್ಷ. ಒಂದು ವರ್ಷದ ಹೆಚ್ಚುಕಡಿಮೆ ಬರುತ್ತೆ. ತಿಥಿ, ವಾರ ಎರಡೂ ಇದ್ದರೆ ಬಿಡಿಸಬಹುದು. ಶಕವೇ ಇಲ್ಲದ ಹಳೆ ಶಾಸನಗಳಿಗೆ ದೊರೆಯ ಹೆಸರು ಮತ್ತು ಅಕ್ಷರದ ಆಕಾರವೇ ಗತಿ. ಅದಕ್ಕೇ ಹಲ್ಮಿಡಿ ಶಾಸನಕ್ಕೆ ‘ಸುಮಾರು 450’ ಅನ್ನುವುದು. ‘ಸುಮಾರು’ ಅನ್ನುವ ಪದವನ್ನು ನಿಮ್ಮ ಟಿಪ್ಪಣಿಯಲ್ಲಿ ಧಾರಾಳವಾಗಿ ಬಳಸಿ, ಯಾರೂ ಬೈಯಲ್ಲ.

ನಮ್ಮೂರಿನ ಕಲ್ಲನ್ನು ಆಗಲೇ ಯಾರಾದರೂ ಓದಿದ್ದಾರಾ?

ಇದನ್ನು ಮೊದಲು ನೋಡಿ, ಆಮೇಲೆ ಪೇಪರಿನವರಿಗೆ ಫೋನ್ ಮಾಡಿ. ‘ಅಪರೂಪದ ಶಾಸನ ಪತ್ತೆ’ ಅಂತ ಬರುವ ಸುದ್ದಿಯಲ್ಲಿ ಕೆಲವು ಕಲ್ಲುಗಳು ನೂರು ವರ್ಷದ ಹಿಂದೆಯೇ ಅಚ್ಚಾಗಿರುತ್ತವೆ.

ಹಳೆ ಮೈಸೂರಿನವರಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳ ಮಾಲೆ ಮೊದಲ ನಿಲ್ದಾಣ. ರೈಸ್ ತಂದದ್ದು 12 ಸಂಪುಟ, ಕೊನೆಯದು 1905ರ ಹೊತ್ತಿಗೆ ಬಂತು. ಜಿಲ್ಲೆಗೊಂದು ಎರಡು ಸಂಪುಟ, ಒಳಗೆ ತಾಲೂಕುವಾರು, ಪ್ರತಿ ಶಾಸನಕ್ಕೂ ನಂಬರು. ತೊಡಕು ಏನಂದರೆ ಅದು ಆ ಕಾಲದ ಜಿಲ್ಲೆ. ಚಿಕ್ಕಬಳ್ಳಾಪುರದವರು ಕೋಲಾರದ ಸಂಪುಟ ತೆಗೆಯಬೇಕು, ರಾಮನಗರದವರು ಬೆಂಗಳೂರಿನದು, ಮಂಡ್ಯ, ಚಾಮರಾಜನಗರದವರು ಮೈಸೂರಿನದು. ದಾವಣಗೆರೆ ಜಿಲ್ಲೆಯವರಿಗೆ ಇನ್ನೂ ಪಜೀತಿ: ದಾವಣಗೆರೆ ಚಿತ್ರದುರ್ಗದ ಸಂಪುಟದಲ್ಲಿ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿ. ಮೈಸೂರು ವಿಶ್ವವಿದ್ಯಾಲಯ 1972ರಿಂದ ಪರಿಷ್ಕರಿಸಿ ತಂದ ಆವೃತ್ತಿಯಲ್ಲಿ ನಂಬರುಗಳೂ ಬದಲಾಗಿವೆ. ಹಾಗಾಗಿ ಉಲ್ಲೇಖ ಬರೆಯುವಾಗ ಹಳೆಯದೋ ಹೊಸದೋ ಅಂತ ಸೇರಿಸಿ.

ಉತ್ತರ ಕರ್ನಾಟಕದವರು, ಕರಾವಳಿಯವರು, ಬಳ್ಳಾರಿಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳನ್ನು ನೋಡಬೇಕು. ದಕ್ಷಿಣ ಕನ್ನಡದ್ದು 7ನೇ ಸಂಪುಟದಲ್ಲಿದೆ, ಮದ್ರಾಸ್ ಪ್ರಾಂತ್ಯದಲ್ಲಿದ್ದ ಕನ್ನಡ ಶಾಸನಗಳು 9ರಲ್ಲಿ, ಮುಂಬೈ ಕರ್ನಾಟಕದ್ದು 11ರಿಂದ ಶುರುವಾಗಿ ಮುಂದೆ ಬೇರೆ ಬೇರೆ ಸಂಪುಟದಲ್ಲಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳೂ ಇವೆ.

ಅಚ್ಚಾಗಿದೆ ಅಂತ ಗೊತ್ತಾದರೆ ಬೇಜಾರು ಬೇಡ. ಆ ಕಲ್ಲು ಈಗಲೂ ಅಲ್ಲೇ ಇದೆಯಾ? ಒಡೆದಿದೆಯಾ? ಮನೆ ಅಡಿಪಾಯಕ್ಕೆ ಹೋಯಿತಾ? ಇದನ್ನು ಹೋಗಿ ನೋಡಿ ಬರೆದಿಡುವವರು ಬೇಕು. ಹವ್ಯಾಸಿಗಳು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಉಪಯೋಗದ್ದು ನನಗಂತೂ ಕಂಡಿಲ್ಲ.

ಕಲ್ಲು ಹುಡುಕೋಕೆ ಎಲ್ಲೆಲ್ಲಿ ನೋಡಬೇಕು?

ಕೆರೆ ತೂಬು, ಕೆರೆ ಏರಿ, ಅರಳಿಕಟ್ಟೆ, ದೇವಸ್ಥಾನದ ಬಾಗಿಲವಾಡ, ಊರಬಾಗಿಲು, ಹೊಲದ ಬದು, ಬಟ್ಟೆ ಒಗೆಯುವ ಕಲ್ಲಿನ ಅಡಿಭಾಗ. ಹಳೆ ಕಲ್ಲನ್ನು ಜನ ಬಿಸಾಡಿಲ್ಲ, ಬಳಸಿದ್ದಾರೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬೆ ಗುಡಿಯ ಆವರಣದ ಕಾಳಿ ಗುಡಿ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿ ನೋಡಿದರೆ ಅಶೋಕನ ಶಾಸನ! ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರ ಹೋಗಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು. ಸುಮಾರು 750ರದು, ಗಂಗರ ಶ್ರೀಪುರುಷನ ಕಾಲ. ಊರವರೇ ಮುಂದೆ ಬಂದು ಅದಕ್ಕೊಂದು ಮಂಟಪ ಕಟ್ಟಿದರು.

ವೀರಗಲ್ಲು, ಮಾಸ್ತಿಕಲ್ಲು ಗುರುತಿಸೋದು ಹೇಗೆ?

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಕೆಳಹಂತದಲ್ಲಿ ದನಗಳಿದ್ದರೆ ತುರುಗೊಳ್ ಕಾಳಗ, ಅಂದರೆ ದನ ಹೊಡೆದುಕೊಂಡು ಹೋಗುವಾಗ ನಡೆದ ಜಗಳ. ಮೇಲೆ ಬಳೆ ತೊಟ್ಟ ಕೈ ಎತ್ತಿ ನಿಂತಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು. ವ್ರತ ಹಿಡಿದು ಸತ್ತವರ ನೆನಪಿಗೆ ನಿಲ್ಲಿಸುವ ಜೈನರ ನಿಷಿಧಿ ಕಲ್ಲು ಬೇರೆ. ಹೊಲದ ಅಂಚಿನಲ್ಲಿ ಲಿಂಗಮುದ್ರೆ, ವಾಮನಮುದ್ರೆ ಇರುವ ಕಲ್ಲು ಸಿಕ್ಕರೆ ಅದು ದಾನದ ಭೂಮಿಯ ಗಡಿ.

ಅಚ್ಚುಮೆಚ್ಚಿನದು ಯಾವುದು ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಮದ್ದೂರು ತಾಲೂಕಿನ ಆತಕೂರಿನ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಶಕ 872, ಅಂದರೆ 949-50. ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದ ಸುದ್ದಿ ಅದರಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ, ದೊಡ್ಡ ದೊಡ್ಡವರೆಲ್ಲ ಇದ್ದಾರೆ. ಆದರೆ ನಡುವೆ ಕೆತ್ತಿರುವುದು ಒಂದು ನಾಯಿ ಮತ್ತು ಒಂದು ಹಂದಿ. ಯುದ್ಧದಲ್ಲಿ ಗೆದ್ದುಕೊಟ್ಟ ಮಣಲೇರ ಅನ್ನುವ ವೀರ ತನ್ನ ಒಡೆಯ ಬೂತುಗನ ಹತ್ತಿರ ಕೇಳಿ ಪಡೆದದ್ದು ಕಾಳಿ ಅನ್ನುವ ನಾಯಿಯನ್ನು. ಅದು ಕಾಡುಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗಾಗಿ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಊಟ ಮಾಡಿದ ಗೊರವನಿಗೆ (ಗುಡಿ ನೋಡಿಕೊಳ್ಳುವ ಶೈವ ಪೂಜಾರಿ) ಪಾಪ ತಟ್ಟುತ್ತೆ ಅಂತಲೂ ಬರೆಸಿದ್ದಾರೆ. ಮ್ಯೂಸಿಯಂಗೆ ಹೋದವರು ಇದರ ಮುಂದೆ ಹತ್ತು ನಿಮಿಷ ನಿಲ್ಲಿ.

ಅಕ್ಷರ ಕಾಣಲ್ಲ. ಸುಣ್ಣ, ಮೈದಾ ಹಿಟ್ಟು ಬಳಿಯಬಹುದಾ?

ಬೇಡ. ಸೀಮೆಸುಣ್ಣವೂ ಬೇಡ, ಎಣ್ಣೆಯೂ ಬೇಡ, ತಂತಿ ಬ್ರಷ್ ಅಂತೂ ಬೇಡವೇ ಬೇಡ. ಸುಣ್ಣದಲ್ಲಿ ಗೆರೆ ಎಳೆಯುವಾಗ ನೀವು ಊಹಿಸಿದ ಅಕ್ಷರವನ್ನೇ ಬರೆಯುತ್ತೀರಿ, ಆಮೇಲೆ ಫೋಟೊದಲ್ಲಿ ಅದೇ ನಿಜ ಆಗಿಬಿಡುತ್ತೆ. ಬೆಳಕನ್ನು ಓರೆಯಾಗಿ ಬೀಳಿಸಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಪಕ್ಕದಿಂದ ಬರುವಾಗ ಹೋಗಿ. ಇಲ್ಲ, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒತ್ತಿಕೊಂಡ ಹಾಗೆ ಬದಿಯಿಂದ ಹಿಡಿದು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ ಸಾಲುಸಾಲು ಎದ್ದು ಬರುತ್ತೆ. ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಡಿ. ಜಿಪಿಎಸ್ ಗುರುತು ಹಾಕಿಕೊಳ್ಳಿ.

ಒದ್ದೆ ಕಾಗದ ಬಡಿದು ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ತರಗತಿಯಲ್ಲಿ ತೋರಿಸುತ್ತಾರೆ. ಗುರುಗಳಿಲ್ಲದೆ ಅದಕ್ಕೆ ಕೈ ಹಾಕಬೇಡಿ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಬೇಕು.

ನಾವೇ ಸಣ್ಣದಾಗಿ ಅಗೆದು ನೋಡಬಹುದಾ?

ಇಲ್ಲ. ಕಾನೂನು ಬಿಡಿ, ಅದಕ್ಕೂ ಮುಂಚೆ ಒಂದು ಕಾರಣ ಇದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ ಮಣ್ಣಿನ ಪದರಗಳನ್ನು ಬಿಡಿಸಿ ನೋಡಿದ. ಕೆಳಗೆ ಕಲ್ಲಿನ ಕೊಡಲಿಯ ಜನ, ಅದರ ಮೇಲೆ ಕಲ್ಗೋರಿ ಕಟ್ಟಿದ ಕಬ್ಬಿಣದ ಕಾಲದವರು, ಅದರ ಮೇಲೆ ಶಾತವಾಹನರ ಕಾಲ. ಮೇಲಿನ ಪದರದಲ್ಲಿ ಸಣ್ಣ ಗೀರಿನ ಸಾಲು ಇರುವ ಒಂದು ಬಗೆಯ ಮಡಕೆ ಚೂರು ಸಿಕ್ಕಿತು. ಅದೇ ಬಗೆಯದು ಎರಡು ವರ್ಷದ ಹಿಂದೆ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮಿನಿಂದ ಬಂದ ಸಾಮಾನಿನ ಜೊತೆ ಸಿಕ್ಕಿತ್ತು. ಆ ಚೂರಿನಿಂದ ಕಾಲ ತಿಳಿಯಿತು. ಅದನ್ನೇ ಯಾರಾದರೂ ಮೊದಲು ಕಿತ್ತು ಮನೆಗೆ ಒಯ್ದಿದ್ದರೆ ಅದು ಬರೀ ಮಡಕೆ ಚೂರು.

ಉತ್ಖನನ ನಡೆಯುವ ಕಡೆ ಸ್ವಯಂಸೇವಕರನ್ನು ಸೇರಿಸಿಕೊಳ್ಳುವುದು ನಮ್ಮಲ್ಲಿ ಕಡಿಮೆ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೇ ಜಾಗ. ಆದರೆ ನಡೆಯುವಾಗ ಹೋಗಿ ಕೇಳಿದರೆ ದೂರದಿಂದ ನೋಡಲು ಬಿಡುವವರಿದ್ದಾರೆ.

ಹೊಲದಲ್ಲಿ ನಾಣ್ಯ ಸಿಕ್ಕಿದೆ. ಏನು ಮಾಡಲಿ?

ತೊಳೆಯಬೇಡಿ, ಉಜ್ಜಬೇಡಿ, ಅಕ್ಕಸಾಲಿಗರ ಹತ್ತಿರ ಒಯ್ಯಬೇಡಿ. ಎಲ್ಲಿ ಸಿಕ್ಕಿತೋ ಆ ಜಾಗದ ಫೋಟೊ ತೆಗೆದು ತಹಸೀಲ್ದಾರರಿಗೆ ತಿಳಿಸಿ. ನೆಲದಲ್ಲಿ ಸಿಕ್ಕ ನಿಧಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. 100 ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಇದೆ, ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಮೆಟಲ್ ಡಿಟೆಕ್ಟರ್ ಹಿಡಿದು ಹಳೆ ಕೋಟೆ ಸುತ್ತುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ.

ಊರಿಗೆ ಹೋದರೆ ‘ನಿಧಿ ಹುಡುಕೋಕೆ ಬಂದಿದ್ದೀರಾ’ ಅಂತ ಕೇಳುತ್ತಾರಲ್ಲ?

ಕೇಳಲೇಬೇಕು. ನಿಧಿಗಳ್ಳರು ನಂದಿಯ ಹೊಟ್ಟೆ ಒಡೆದಿದ್ದಾರೆ, ಲಿಂಗ ಕಿತ್ತಿದ್ದಾರೆ, ಶಾಸನದ ಬುಡ ಅಗೆದಿದ್ದಾರೆ. ಶಾಸನದಲ್ಲಿ ನಿಧಿಯ ಗುಟ್ಟು ಇರುತ್ತೆ ಅನ್ನುವ ನಂಬಿಕೆ ಇನ್ನೂ ಗಟ್ಟಿ. ಆದ್ದರಿಂದ ಹಗಲು ಹೊತ್ತಿನಲ್ಲಿ ಹೋಗಿ, ಮೊದಲು ಪೂಜಾರಿ, ಪಂಚಾಯ್ತಿಯವರು, ಹೊಲದ ಯಜಮಾನರನ್ನು ಕಂಡು ಮಾತಾಡಿ. ರಾತ್ರಿ ಟಾರ್ಚ್ ಹಿಡಿಯಬೇಕಾದರೆ ಊರಿನ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಓದಿದ್ದನ್ನು ಅಲ್ಲೇ ಕೂತು ಹೇಳಿ. ಇದರಲ್ಲಿ ಚಿನ್ನ ಇಲ್ಲ, ನಿಮ್ಮ ಕೆರೆ ಕಟ್ಟಿಸಿದವನ ಹೆಸರಿದೆ ಅಂದರೆ ಕಲ್ಲಿಗೆ ಮರುದಿನದಿಂದ ಕಾವಲು ಸಿಗುತ್ತೆ.

ಹಿರಿಯರು ಹೇಳುವ ಕತೆಗಳನ್ನು ನಂಬಬೇಕಾ?

ಬರೆದುಕೊಳ್ಳಿ. ನಂಬುವುದು ಆಮೇಲಿನ ಮಾತು. ಎಲ್ಲ ಗುಡಿಯನ್ನೂ ಜಕಣಾಚಾರಿಯೇ ಕಟ್ಟಿದ ಅನ್ನುತ್ತಾರೆ. ಕಲ್ಲುಗಳ ಮೇಲೆ ಸಹಿ ನೋಡಿದರೆ ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಸಿಗುತ್ತಾರೆ. ಕಲ್ಗೋರಿಗಳಿಗೆ ಒಂದು ಊರಿನಲ್ಲಿ ಪಾಂಡವರ ಮನೆ ಅಂದರೆ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಮೋರ್ಯರ ಮನೆ ಅನ್ನುತ್ತಾರೆ. ಇನ್ನು ಕೋಟೆಯಿಂದ ಶ್ರೀರಂಗಪಟ್ಟಣದವರೆಗೆ ಸುರಂಗ ಇಲ್ಲದ ಊರು ಹಳೆ ಮೈಸೂರಿನಲ್ಲಿ ಕಡಿಮೆ! ಆದರೆ ಅದೇ ಅಜ್ಜ ‘ಹಳೇ ಊರು ಆ ದಿಣ್ಣೆ ಮೇಲಿತ್ತು’ ಅಂದರೆ ಕಿವಿ ನೆಟ್ಟಗೆ ಮಾಡಿ. ಹೋಗಿ ನೋಡಿದರೆ ಬೂದಿ ಮಣ್ಣು, ಕರಿ ಕೆಂಪು ಮಡಕೆ ಚೂರು ಇರಬಹುದು. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಆನ್‌ಲೈನಿನಲ್ಲಿ ಸಿಗುತ್ತೆ, ಅದರಲ್ಲಿ ಬೇಚರಾಕ್ ಅಂತ ಇರುವ, ಜನ ಬಿಟ್ಟುಹೋದ ಹಳ್ಳಿಗಳನ್ನು ಹುಡುಕಿ ಅಜ್ಜನ ಮಾತಿನ ಜೊತೆ ಇಟ್ಟು ನೋಡಿ.

ಮಕ್ಕಳನ್ನು ಕರೆತರಬಹುದಾ?

ಧಾರಾಳವಾಗಿ. ನೀರು, ಟೋಪಿ ಮರೆಯಬೇಡಿ. ಪೊದೆಯಲ್ಲಿರುವ ಕಲ್ಲಿನ ಹತ್ತಿರ ಹಾವಿನ ಎಚ್ಚರ ಇರಲಿ.

ಹೊಸ ಶಾಸನವೇ ಸಿಕ್ಕಿದೆ, ಎಲ್ಲೂ ಅಚ್ಚಾಗಿಲ್ಲ. ಮುಂದೇನು?

ಕಲ್ಲನ್ನು ಅಲುಗಿಸಬೇಡಿ. ಊರು, ತಾಲೂಕು, ಯಾವ ದಿಕ್ಕಿಗೆ ಮುಖ, ಉದ್ದ ಅಗಲ, ಎಷ್ಟು ಸಾಲು, ಯಾರ ಜಾಗ ಅಂತ ಬರೆದುಕೊಂಡು ಫೋಟೊ ಸಮೇತ ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿಯೂ ಮೈಸೂರಿನಲ್ಲೇ ಇದೆ. ನೀವು ಓದಿದ ಪಾಠವನ್ನು ಸಾಲು ಸಾಲಾಗಿ ಬರೆಯಿರಿ, ಓದಲಾಗದ ಕಡೆ ಚುಕ್ಕಿ ಹಾಕಿ, ಊಹಿಸಿದ ಅಕ್ಷರವನ್ನು ಕಂಸದಲ್ಲಿ ಇಡಿ. ತಿಳಿದವರೊಬ್ಬರಿಗೆ ತೋರಿಸಿದ ಮೇಲೆ ಲೇಖನ ಮಾಡಿ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಇಂಥ ಪ್ರಬಂಧಗಳನ್ನು ಓದುತ್ತಾರೆ, ಮೇಷ್ಟ್ರುಗಳ ಜೊತೆಗೆ ಹವ್ಯಾಸಿಗಳೂ. ಕಲ್ಲು ತೋರಿಸಿದ ರೈತರ ಒಪ್ಪಿಗೆ ಇದ್ದರೆ ಅವರ ಹೆಸರು ಲೇಖನದ ಮೊದಲ ಪ್ಯಾರಾದಲ್ಲೇ ಬರಲಿ.